ಸ್ಟೇಷನ್ ಹೆಸರಿನ ಹಿಂದ ‘ರೋಡ್’ ಅಂತ ಯಾಕ ಅದ?

ಭಾಗ 1: ಇಳಿದ ಮ್ಯಾಲೆ ಗೊತ್ತಾಗೋ ಸುದ್ದಿ

ಒಂದು ಪ್ರಶ್ನೆ ಕೇಳ್ತೀನಿ, ಗೂಗಲ್ ಮಾಡಬ್ಯಾಡ್ರಿ. ಕಲಬುರಗಿಯಿಂದ ಸೋಲಾಪುರ ಕಡೆ ಹೋಗೋವಾಗ ‘ಗಾಣಗಾಪುರ ರೋಡ್’ ಅಂತ ಸ್ಟೇಷನ್ ಬರ್ತದ. ಮುಂದ ಮಹಾರಾಷ್ಟ್ರದಾಗ ‘ಅಕ್ಕಲಕೋಟ ರೋಡ್’. ರಾಯಚೂರು ದಾಟಿ ಹೋದ್ರ ‘ಮಂತ್ರಾಲಯಂ ರೋಡ್’. ಈ ಮೂರಕ್ಕೂ ‘ರೋಡ್’ ಯಾಕ ಹಚ್ಚ್ಯಾರ?

ಉತ್ತರ ಭಾಳ ಸಾದಾ ಅದ. ಆ ಊರು ಅಲ್ಲಿ ಇಲ್ಲ! ‘ಇಲ್ಲಿ ಇಳೀರಿ, ಇಲ್ಲಿಂದ ಆ ಊರಿಗೆ ರಸ್ತೆ ಅದ’ ಅಂತ ಅದರ ಅರ್ಥ. ಹಳಿ ಊರಿನ ತನಕ ಹೋಗಿಲ್ಲ, ಹೆಸರು ಮಾತ್ರ ಹಳಿ ತನಕ ಬಂದದ.

ದತ್ತಾತ್ರೇಯ ಗುಡಿ ಇರೋ ದೇವಲ ಗಾಣಗಾಪುರ, ಭೀಮಾ ಮತ್ತು ಅಮರ್ಜಾ ಕೂಡೋ ಜಾಗದ ಹತ್ರ ಅದ. ಸ್ಟೇಷನ್‌ನಿಂದ ಸುಮಾರು 20 ಕಿ.ಮೀ. ದೂರ. ಹೊಸದಾಗಿ ಬಂದ ಭಕ್ತರು ಪ್ಲಾಟ್‌ಫಾರ್ಮ್ ಮ್ಯಾಲೆ ನಿಂತು ‘ಮಂದಿರ್ ಕುಠೆ?’ ಅಂತ ಮರಾಠಿಯಾಗ ಕೇಳೋದು, ಟಂಟಂನವರು ಹೊರಗ ಕೈ ಮಾಡಿ ತೋರಸೋದು, ನಾವು ಸಣ್ಣವರಿದ್ದಾಗಿಂದ ನೋಡ್ಲಿಕತ್ತೀವಿ.

ನಾನು ಆ ಸ್ಟೇಷನ್ ಊರಿನಾಗೇ ಇರ್ತೀನಿ. ಚೌಡಾಪುರದ ಹತ್ರ, ಅಫಜಲಪುರ ತಾಲೂಕು. ಮಂದಿ ‘ಸ್ಟೇಷನ್ ಗಾಣಗಾಪುರ’ ಅಂತಾರ. ಕಲಬುರಗಿಯಾಗ ಬಿ.ಕಾಂ ಎರಡನೇ ವರ್ಷ. ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜಿಗೆ ರೈಲಿಗೆ ಬರ್ತೀನಿ.

ಈ ಸರಣಿ ನಮ್ಮೂರಿನ ಬಗ್ಗೆ ಮಾತ್ರ ಅಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯವರು ನನ್ನ ಕ್ಲಾಸಿನಾಗ ಇದ್ದೀರಿ. ನಾವೆಲ್ಲ ಕೂಡೋದು ಒಂದೇ ಬೆಂಚಿನ ಮ್ಯಾಲೆ. ಆದ್ರ ಆ ಬೆಂಚಿಗೆ ಬರೋ ಖರ್ಚು ಒಬ್ಬೊಬ್ಬರಿಗೆ ಒಂದೊಂದು. ಅದಕ್ಕ ಕಾರಣ ಹುಡುಕಿದ್ರ ಸುಮಾರು 150 ವರ್ಷದ ಹಿಂದಕ್ಕ ಹೋಗ್ಬೇಕಾಗ್ತದ.

ಭಾಗ 2: ನಮ್ಮನ್ನ ಯಾರೂ ಕೇಳಲಿಲ್ಲ

1853ರ ಏಪ್ರಿಲ್ 16ಕ್ಕ ಮುಂಬಯಿಯ ಬೋರಿ ಬಂದರಿನಿಂದ ಠಾಣೆ ತನಕ 34 ಕಿ.ಮೀ. ರೈಲು ಓಡಿತು. ಇದು ಎಸ್ಸೆಸ್ಸೆಲ್ಸಿಯಾಗ ಎಲ್ಲಾರೂ ಬಾಯಿಪಾಠ ಮಾಡಿದ್ದೇ. ಆದ್ರ ಆ ರೈಲು ಓಡಿಸಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಕಂಪನಿನೇ ಮುಂದ ನಮ್ಮ ಕಡೆ ಹಳಿ ಹಾಕಿದ್ದು ಅನ್ನೋದು ಎಷ್ಟು ಮಂದಿಗೆ ಗೊತ್ತದ?

ಆ ಕಂಪನಿ ಹಳಿ ಪುಣೆ ದಾಟಿ 1860ರಾಗ ಸೋಲಾಪುರಕ್ಕ ಬಂತು. ಅಲ್ಲಿಂದ ಮುಂದ ಕಲಬುರಗಿ ಮ್ಯಾಲೆ ಹಾಯ್ದು ರಾಯಚೂರಿಗೆ ಹೋಯ್ತು. ಆ ಕಡೆಯಿಂದ ಮದ್ರಾಸ್ ರೈಲ್ವೆ ಬರ್ಲಿಕತ್ತಿತ್ತು. 1871ರಲ್ಲಿ ಎರಡೂ ರಾಯಚೂರಿನಾಗ ಕೂಡಿದವು. ಮುಂಬಯಿ ಮತ್ತು ಮದ್ರಾಸ್ ನಡುವೆ ಸೀದಾ ರೈಲು ದಾರಿ ಆಯ್ತು.

ಆಗ ನಮ್ಮ ಜಿಲ್ಲೆ ಹೈದರಾಬಾದ್ ನಿಜಾಮರ ರಾಜ್ಯದಾಗಿತ್ತು. ಹಳಿ ಹಾಕಿದ್ದು ಬ್ರಿಟಿಷ್ ಕಂಪನಿ. ಅವರಿಗೆ ಬೇಕಾಗಿದ್ದು ಎರಡು ಬಂದರು ಕೂಡಿಸೋದು. ಹತ್ತಿ ಹೋಗ್ಬೇಕು, ಟಪಾಲು ಹೋಗ್ಬೇಕು, ಸಿಪಾಯಿಗಳು ಹೋಗ್ಬೇಕು. ನಡುವೆ ಯಾವ ಊರಿನಾಗ ಸಂತಿ ದೊಡ್ಡದು, ಯಾವ ಊರಿನಾಗ ಜಾತ್ರಿ ದೊಡ್ಡದು ಅನ್ನೋದು ಅವರಿಗೆ ಎರಡನೇ ಮಾತು. ಹಳಿಗೆ ಸಪಾಟ ನೆಲ ಬೇಕು, ಸೇತುವೆ ಕಡಿಮೆ ಇರಬೇಕು, ಉಗಿ ಎಂಜಿನ್ನಿಗೆ ಅಲ್ಲಲ್ಲಿ ನೀರು ಸಿಗಬೇಕು.

ಈಗ ಫೋನಿನಾಗ ಮ್ಯಾಪ್ ತೆಗೀರಿ. ಹಳಿ ಮ್ಯಾಲೆ ಬೆರಳು ಇಟ್ಟು ಸೋಲಾಪುರದಿಂದ ಕಲಬುರಗಿ ತನಕ ಎಳೀರಿ.

ಆಳಂದ ಬೆರಳಿನ ಮ್ಯಾಲಿನ ಬದಿಗೆ ಉಳೀತದ. ಅಫಜಲಪುರ ಪಟ್ಟಣ ಕೆಳಗಿನ ಬದಿಗೆ ಉಳೀತದ. ಜೇವರ್ಗಿ ಇನ್ನೂ ಕೆಳಗ, ಭೀಮಾ ಹೊಳಿ ಆಚೆ.

ಆಳಂದ ಅಂದ್ರ ಏನು ಸಣ್ಣ ಹೆಸರಾ? ಏಕಾಂತದ ರಾಮಯ್ಯ ಹುಟ್ಟಿದ ಊರು. ಲಾಡ್ಲೆ ಮಶಾಯಕ್ ದರ್ಗಾ ಇರೋ ಊರು. ಅಫಜಲಪುರ ತಾಲೂಕಿನಾಗ ದೇವಲ ಗಾಣಗಾಪುರ ಅದ. ಹಳಿ ಇದನ್ನೆಲ್ಲ ದೂರದಿಂದ ನೋಡಿ ಮುಂದ ಹೋಯ್ತು. ಮೂರು ತಾಲೂಕಿನ ಮೂರು ದೊಡ್ಡ ಊರಿಗೂ ಹಳಿ ಸಿಗಲಿಲ್ಲ. ಸಿಕ್ಕಿದ್ದು ನಮ್ಮಂಥ, ಆಗ ಹೆಸರೇ ಇರದ ಜಾಗಕ್ಕ. ಅದಕ್ಕೇ 20 ಕಿ.ಮೀ. ಆಚೆಯ ದೇವರ ಊರಿನ ಹೆಸರು ಸಾಲ ತೊಗೊಂಡ್ವಿ.

ಭಾಗ 3: ಹಳಿ ಮಾಡಿದ ಊರುಗಳು

ಸ್ಟೇಷನ್ ಬಂದ ಕಡೆ ಏನಾಯ್ತು ಅಂತ ನೋಡ್ಬೇಕಂದ್ರ ವಾಡಿಗೆ ಹೋಗ್ರಿ.

‘ವಾಡಿ’ ಅಂದ್ರನೇ ಮರಾಠಿಯಾಗ ಸಣ್ಣ ಹಳ್ಳಿ. ನಿಜಾಮ ಸರಕಾರ ತನ್ನ ರಾಜಧಾನಿಗೆ ರೈಲು ಬೇಕಂತ ಇದೇ ಮುಂಬಯಿ–ಮದ್ರಾಸ್ ಹಳಿಯಿಂದ ಸಿಕಂದರಾಬಾದಿಗೆ ಒಂದು ಹಳಿ ತೊಗೊಂಡು ಹೋಯ್ತು. 1874ರಲ್ಲಿ ಅದು ಸುರು ಆಯ್ತು. ಆ ಹಳಿ ಕವಲೊಡೆದ ಜಾಗನೇ ವಾಡಿ. ಹೈದರಾಬಾದಿನಿಂದ ಮುಂಬಯಿಗೆ ಹೋಗೋ ಮಂದಿ, ಸಾಮಾನು ಎಲ್ಲಾ ಆಗ ಇಲ್ಲಿ ಹಾಯ್ದು ಹೋಗ್ಬೇಕಾಗಿತ್ತು. ಸಣ್ಣ ಹಳ್ಳಿ ದೊಡ್ಡ ಜಂಕ್ಷನ್ ಆಯ್ತು. ಆಮ್ಯಾಲೆ ಸಿಮೆಂಟ್ ಕಾರ್ಖಾನೆ ಬಂತು. ಹೆಸರು ಮಾತ್ರ ಇನ್ನೂ ‘ವಾಡಿ’.

ಅದರ ಹತ್ರನೇ ಶಹಾಬಾದ. ನಿಮ್ಮ ಮನಿ ನೆಲಕ್ಕ ಹಾಕಿದ ಫರಸಿ ಇದ್ದೇ ಇರ್ತದಲ್ಲ, ಅದಕ್ಕ ಹೊರಗಿನವರು ‘ಶಹಾಬಾದ್ ಕಲ್ಲು’ ಅಂತಾರ. ಕಲ್ಲು ಮೊದಲಿನಿಂದಲೂ ನೆಲದಾಗ ಇತ್ತು. ಆದ್ರ ಅಷ್ಟು ಭಾರದ ಸಾಮಾನು ಎತ್ತಿನ ಬಂಡಿ ಮ್ಯಾಲೆ ಎಷ್ಟು ದೂರ ಹೋದೀತು? ಕಾಸ್ಟಿಂಗ್ ಓದಿದವರಿಗೆ ಇದು ತಿಳೀತದ. ಮಾಲಿನ ಬೆಲಿಗಿಂತ ಸಾಗಾಣಿಕೆ ಖರ್ಚು ಜಾಸ್ತಿ ಆದ್ರ ಮಾಲು ಊರು ಬಿಡೂದಿಲ್ಲ. ರೈಲು ಬಂದ ಮ್ಯಾಲೆ ಕಲ್ಲು ಊರು ಬಿಡ್ತು. ಸಿಮೆಂಟ್ ಕಾರ್ಖಾನೆನೂ ಬಂತು, ಮುಂದ ಬಂದ್ ಆಯ್ತು. ಕಾರ್ಖಾನೆ ಮುಚ್ಚಿದ ಮ್ಯಾಲೂ ಊರು ಉಳೀತು, ಯಾಕಂದ್ರ ರೈಲು ನಿಲ್ಲೂದು ನಿಂತಿಲ್ಲ.

ಇನ್ನ ಕಲಬುರಗಿ. ಹಳೇ ಊರು ಕೋಟೆ ಮತ್ತು ಬಂದೇ ನವಾಜ್ ದರ್ಗಾ ಕಡೆ. ಸ್ಟೇಷನ್ ಮಾಡಿದ್ದು ಅದರಿಂದ ದೂರ. ಸ್ಟೇಷನ್ ಮುಂದ ಒಂದು ಬಜಾರ ಹುಟ್ತು. ಅದೇ ಸ್ಟೇಷನ್ ಬಜಾರ. ಒಂದು ಕಾಲಕ್ಕ ಅದು ಊರ ಹೊರಗ. ಆಮ್ಯಾಲೆ ಊರೇ ನಡಕೊಂತ ಸ್ಟೇಷನ್ ಕಡೆ ಬಂತು. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಎಲ್ಲಾ ನಡುವಿನ ಜಾಗ ತುಂಬಿದವು. ಈಗ ಸ್ಟೇಷನ್ ಬಜಾರ ಊರ ನಟ್ಟನಡುವೆ.

2011ರ ಜನಗಣತಿಯಾಗ ಕಲಬುರಗಿ ನಗರ 5 ಲಕ್ಷ ದಾಟಿತ್ತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಪಟ್ಟಣ ಕೂಡಿಸಿದ್ರೂ 1 ಲಕ್ಷ ಆಗ್ತಿರಲಿಲ್ಲ. ಇದಕ್ಕ ರೈಲು ಒಂದೇ ಕಾರಣ ಅಂತ ನಾನು ಹೇಳೂದಿಲ್ಲ. ಜಿಲ್ಲಾ ಕಚೇರಿ, ಮಿಲ್ಲು, ಕಾಲೇಜು, ಆಸ್ಪತ್ರೆ ಎಲ್ಲಾ ಅಲ್ಲೇ ಬಂದವು. ಆದ್ರ ಅವೆಲ್ಲ ಅಲ್ಲೇ ಯಾಕ ಬಂದವು ಅಂತ ಕೇಳಿದ್ರ ಹಳಿ ಉತ್ತರದಾಗ ಇದ್ದೇ ಇರ್ತದ.

ಭಾಗ 4: ಠಾಣೆ ಮತ್ತು ಡೆನ್ಮಾರ್ಕ್

ಸ್ವಲ್ಪ ದೂರ ಹೋಗಿ ಬರೋಣ, ನಡೀರಿ.

ಇದನ್ನ ಬರೀಲಿಕ್ಕ ಓದೋವಾಗ ಡೆನ್ಮಾರ್ಕ್ ದೇಶದ್ದೊಂದು ಮಾತು ಸಿಕ್ತು. ಅಲ್ಲಿ 1847ರಲ್ಲಿ ಕೋಪನ್‌ಹೇಗನ್‌ನಿಂದ ರೋಸ್ಕಿಲ್ಡ ಅನ್ನೋ ಊರಿಗೆ ರೈಲು ಸುರು ಆಯ್ತು. ನಡುವೆ ಹೊಲದಾಗ ಸಣ್ಣ ಸಣ್ಣ ಸ್ಟೇಷನ್ ಮಾಡಿದ್ರು. ಸ್ಟೇಷನ್ ಸುತ್ತ ಅಂಗಡಿ, ಖಾನಾವಳಿ, ಗೋದಾಮು, ಮನಿಗಳು ಬಂದವು. ಡ್ಯಾನಿಷ್ ಭಾಷಾದಾಗ ಇಂಥ ಊರಿಗೆ ಒಂದು ಶಬ್ದನೇ ಅದ. ಅದರ ಅರ್ಥ ಅಕ್ಷರಶಃ ‘ಸ್ಟೇಷನ್ ಊರು’. ಓದಿ ನಗು ಬಂತು. ನಮ್ಮ ಮಂದಿ ‘ಸ್ಟೇಷನ್ ಗಾಣಗಾಪುರ’ ಅಂತ ಅದನ್ನೇ ಅಲ್ಲ ಅನ್ನೋದು?

ಆಮ್ಯಾಲೆ ಅಲ್ಲಿ ಏನಾಯ್ತು? 1934ರಿಂದ ಕೋಪನ್‌ಹೇಗನ್ ಸುತ್ತ ಕರೆಂಟಿನ ಲೋಕಲ್ ರೈಲು ಓಡ್ಲಿಕ್ಕ ಹತ್ತಿದವು. 1947ರಲ್ಲಿ ಒಂದು ನಗರ ಯೋಜನೆ ಮಾಡಿದ್ರು. ಅದರ ಹೆಸರು ‘ಬೆರಳು ಯೋಜನೆ’. ನಗರ ಅಂದ್ರ ಅಂಗೈ, ರೈಲು ಹಳಿ ಅಂದ್ರ ಐದು ಬೆರಳು. ಹೊಸ ಮನಿ ಕಟ್ಟಬೇಕಂದ್ರ ಬೆರಳಿನ ಗುಂಟ ಕಟ್ಟಬೇಕು, ಬೆರಳುಗಳ ನಡುವಿನ ಜಾಗ ಹೊಲ, ಗಿಡ ಅಂತ ಬಿಡಬೇಕು. ಟೋಸ್ಟ್ರಪ್‌ನಂಥ ಸ್ಟೇಷನ್ ಊರುಗಳು ಹಿಂಗ ಕೋಪನ್‌ಹೇಗನ್‌ನ ಉಪನಗರ ಆದವು. ಅಲ್ಲಿ ಇರೋದು, ಇಲ್ಲಿ ದುಡಿಯೋದು.

ಅಷ್ಟು ದೂರ ಬ್ಯಾಡ ಅಂದ್ರ ಠಾಣೆ ನೋಡ್ರಿ. ನಮ್ಮ ಕಡೆ ಹಳಿ ಹಾಕಿದ ಅದೇ ಕಂಪನಿಯ ಮೊದಲ ರೈಲು ಮುಟ್ಟಿದ ಊರು. ನಮ್ಮ ಹಳ್ಳಿಗಳಿಂದ ದುಡಿಲಿಕ್ಕ ಮುಂಬಯಿಗೆ ಹೋದವರು ಆ ಕಡೆ ಎಷ್ಟು ಮಂದಿ ಅದಾರ! ಲೋಕಲ್ ಹತ್ತೋದು, ಇಳಿಯೋದು, ಅದೇ ಅವರ ದಿನ.

ಠಾಣೆಗೆ 1853ರಲ್ಲಿ ಹಳಿ ಬಂತು. ನಮಗ ಅದಾಗಿ 20 ವರ್ಷದೊಳಗ ಬಂತು. ಭಾಳ ಫರಕ್ ಇಲ್ಲ. ಹಂಗಾದ್ರ ಠಾಣೆ ಯಾಕ ಹಂಗಾಯ್ತು, ನಾವು ಯಾಕ ಹಿಂಗೇ ಉಳಿದ್ವಿ?

ಭಾಗ 5: ಹಳಿ ಬ್ಯಾರೆ, ಗಾಡಿ ನಿಲ್ಲೂದು ಬ್ಯಾರೆ

ಮುಂಬಯಿ ದೊಡ್ಡ ಊರು, ಕಲಬುರಗಿ ಸಣ್ಣದು, ಅದಂತೂ ಖರೇ. ಆದ್ರ ನನಗ ತಿಳಿದ ಮಟ್ಟಿಗೆ ಇನ್ನೊಂದು ಕಾರಣ ಅದ. ಹಳಿ ಇದ್ರ ಊರು ಹುಟ್ತದ. ಆದ್ರ ಆ ಊರಿನಾಗೇ ಇದ್ದು ನಗರದಾಗ ಓದಬೇಕು, ದುಡೀಬೇಕು ಅಂದ್ರ ಹಳಿ ಸಾಲೂದಿಲ್ಲ. ಬೆಳಿಗ್ಗೆ ಒಂದು ಗಾಡಿ ನಿಲ್ಲಬೇಕು. ಸಂಜಿಗೆ ಒಂದು ಗಾಡಿ ನಿಲ್ಲಬೇಕು. ಎರಡೂ ದಿನಾ ನಿಲ್ಲಬೇಕು.

ನಮ್ಮ ಹಳಿ ಮ್ಯಾಲೆ ಹಗಲು ರಾತ್ರಿ ಗಾಡಿ ಓಡ್ತಾವ. ಮುಂಬಯಿ, ಬೆಂಗಳೂರು, ಚೆನ್ನೈ, ಹೈದರಾಬಾದ್ ಗಾಡಿ ಎಲ್ಲಾ ಈ ದಾರಿನೇ. ಮನ್ಯಾಗ ಕೂತು ಸಪ್ಪಳ ಕೇಳಿದ್ರ ಜಂಗಮರ ಜೋಳಗಿ ತುಂಬಿದಂಗ ಅನಸ್ತದ. ಆದ್ರ ನಮಗ ಲೆಕ್ಕಕ್ಕ ಬರೋದು ನಿಂತ ಗಾಡಿ ಮಾತ್ರ.

ಬಿ.ಕಾಂ ಭಾಷಾದಾಗ ಹೇಳ್ತೀನಿ. ಹಳಿ ಅನ್ನೋದು ಸ್ಥಿರ ಆಸ್ತಿ, 150 ವರ್ಷದ ಹಿಂದೇ ಹಾಕಿ ಆಗ್ಯದ. ಟೈಮ್ ಟೇಬಲ್ ಅನ್ನೋದು ಆ ಆಸ್ತಿಯಿಂದ ನಮಗ ಬರೋ ಲಾಭ. ಆಸ್ತಿ ನಮ್ಮ ಊರಿನಾಗ ಇದ್ದೂ ಲಾಭ ಬ್ಯಾರೆಯವರಿಗೆ ಹೋಗಬಹುದು.

ದಿನಾ ಅಡ್ಡಾಡೋರಿಗೆ ತಿಂಗಳ ಪಾಸ್ ಅದ, ನಿಮಗ ಗೊತ್ತು. 150 ಕಿ.ಮೀ. ತನಕ ಪಾಸ್ ಮಾಡಸಬಹುದು. ದಿನಾ ಟಿಕೆಟ್ ತೊಗೊಂಡ್ರ ಆಗೋ ಖರ್ಚಿಗಿಂತ ಭಾಳ ಸಸ್ತಾ. ವಿದ್ಯಾರ್ಥಿಗಳಿಗೆ ಅದರಾಗೂ ರಿಯಾಯಿತಿ ಅದ. ನಾನು ಓದ್ಲಿಕತ್ತೀನಿ ಅಂದ್ರ ಆ ಪಾಸಿನಿಂದ. ರೂಮ್ ಮಾಡಿ ಇರೋ ಖರ್ಚು ನಮ್ಮ ಮನಿಗೆ ಆಗ್ತಿರಲಿಲ್ಲ.

ಇದು ಎಷ್ಟು ಸೂಕ್ಷ್ಮ ಅಂತ 2020ರಾಗ ಗೊತ್ತಾಯ್ತು. ಕೊರೊನಾ ಬಂತು, ದೇಶದ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮತ್ತ ಸುರು ಆದಾಗ ಎಷ್ಟೋ ಪ್ಯಾಸೆಂಜರ್‌ಗಳು ‘ಎಕ್ಸ್‌ಪ್ರೆಸ್ ಸ್ಪೆಷಲ್’ ಆಗಿ ಬಂದವು. 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ರೂಪಾಯಿ ಆಯ್ತು. 2024ರ ಫೆಬ್ರುವರಿ ತನಕ ಹಂಗೇ ಇತ್ತು, ಆಮ್ಯಾಲೆ ಮತ್ತ 10 ಆಯ್ತು. ದಿಲ್ಲಿಯಾಗ ಕೂತು ನೋಡಿದ್ರ 20 ರೂಪಾಯಿ ಫರಕ್. ಕಾಯಿಪಲ್ಯ ಬುಟ್ಟಿ ಹೊತ್ತು ಕಲಬುರಗಿಗೆ ಹೋಗೋ ನಮ್ಮೂರ ಅವ್ವಂದಿರಿಗೆ ಅದು ಹೋಗಿ ಬರೋದಕ್ಕ 40 ರೂಪಾಯಿ. ಅಂದ್ರ ಆ ದಿನದ ಲಾಭನೇ ಹೋಯ್ತು.

ಭಾಗ 6: ನನ್ನ ತಂಗಿ

ಈಗ ಯಾಕ ಇದನ್ನೆಲ್ಲ ಬರೀಲಿಕತ್ತೀನಿ ಅಂತ ಹೇಳ್ತೀನಿ.

ನಮ್ಮ ದೊಡ್ಡವ್ವನ ಮಗಳು ಜೇವರ್ಗಿ ತಾಲೂಕಿನ ಒಂದು ಹಳ್ಳಿಯಾಗ ಇರ್ತಾಳ. ನನಗಿಂತ ಎರಡು ವರ್ಷ ಸಣ್ಣಕಿ. ಪಿಯುಸಿ ಕಾಮರ್ಸ್‌ನಾಗ ನನಗಿಂತ ಜಾಸ್ತಿ ಮಾರ್ಕ್ಸ್. ಲೆಕ್ಕದಾಗ ಭಾಳ ಶಾಣ್ಯಾಕಿ. ಅಂಗಡಿ ಉದ್ರಿ ಪಟ್ಟಿ ಬಾಯಾಗೇ ಕೂಡಸ್ತಾಳ. ಅಕಿಗೆ ಕಲಬುರಗಿಯಾಗ ಬಿ.ಕಾಂ ಮಾಡಿ ಆಮ್ಯಾಲೆ ಸಿ.ಎ ಫೌಂಡೇಶನ್ ಬರೀಬೇಕಂತ ಆಸೆ.

ದೊಡ್ಡಪ್ಪ ಬ್ಯಾಡ ಅನ್ನಲಿಲ್ಲ. ಇದನ್ನ ನಾನು ಸ್ಪಷ್ಟ ಹೇಳ್ಬೇಕು, ಯಾಕಂದ್ರ ಇಂಥ ಕಥಿಯಾಗ ಯಾವಾಗಲೂ ಅಪ್ಪನೇ ವಿಲನ್ ಆಗ್ತಾನ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಸಂಜಿಗೆ ಹೆಂಗ ಬರ್ತಾಳವ್ವ?’

ನಾವಿಬ್ಬರೂ ಕೂತು ಲೆಕ್ಕ ಹಾಕಿದ್ವಿ. ಹಳ್ಳಿಯಿಂದ ಜೇವರ್ಗಿ ಒಂದು ಬಸ್. ಜೇವರ್ಗಿಯಿಂದ ಕಟ್ಟಿಸಂಗಾವಿ ಸೇತುವೆ ದಾಟಿ ಕಲಬುರಗಿ ಇನ್ನೊಂದು ಬಸ್. ಅಲ್ಲಿಂದ ಕಾಲೇಜಿಗೆ ಆಟೋ. ಹೋಗೋದು ಹೆಂಗರ ಆಗ್ತದ, ಮುಂಜಾನೆ ಜಲ್ದಿ ಎದ್ರಾಯ್ತು. ಬರೋದು? ಕ್ಲಾಸ್ ಬಿಡೋದು ನಾಲ್ಕಕ್ಕ. ಜೇವರ್ಗಿ ಮುಟ್ಟೋದರೊಳಗ ಅಕಿ ಹಳ್ಳಿ ಕಡೆ ಕೊನೆ ಬಸ್ ಹೋಗಿರ್ತದ. ಬಸ್ಸು ಪುಕ್ಕಟ್ಟೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮ್ಯಾಲೆ ಹೆಣ್ಮಕ್ಕಳಿಗೆ ಟಿಕೆಟ್ ಚಿಂತಿ ಇಲ್ಲ. ಅದರಿಂದ ಎಷ್ಟೋ ಗೆಳತಿಯರು ಕಾಲೇಜಿಗೆ ಬರ್ಲಿಕತ್ತಾರ, ನಾನೇ ನೋಡೀನಿ. ಆದ್ರ ಪುಕ್ಕಟ್ಟೆ ಬಸ್ಸೂ ಬರಬೇಕಲ್ಲ! ಸೊನ್ನೆ ರೂಪಾಯಿ ಟಿಕೆಟ್ ಇದ್ದು ಬಸ್ಸೇ ಇಲ್ಲಂದ್ರ ಆ ಸೊನ್ನೆ ಬರೇ ಸೊನ್ನೆನೇ.

ಹಾಸ್ಟೆಲ್ ಅರ್ಜಿ ಹಾಕಿದ್ವಿ, ಸೀಟ್ ಸಿಗಲಿಲ್ಲ. ರೂಮ್ ಬಾಡಿಗಿ ಕೇಳಿದ್ವಿ, ದೊಡ್ಡಪ್ಪ ಸುಮ್ಮನಾದ್ರು. ಒಂದು ವರ್ಷ ಹೋಯ್ತು. ಅಕಿ ಮನ್ಯಾಗ ಕೂತಳು. ಮನಿಗೆ ಬಂದ ನೆಂಟರು ‘ಮದುವಿ ಯಾವಾಗ?’ ಅಂತ ಕೇಳ್ಲಿಕ್ಕ ಸುರು ಮಾಡಿದ್ರು. ಹಳ್ಳಿಯಾಗ ಹುಡುಗಿ ಮನ್ಯಾಗ ಕೂತಳು ಅಂದ್ರ ಆ ಪ್ರಶ್ನೆ ತಾನಾಗೇ ಬರ್ತದ.

ಒಂದು ಮಾತು ಹೇಳ್ಲಾ? ನನಗೂ ಅಕಿಗೂ ಇರೋ ಫರಕ್ ಮಾರ್ಕ್ಸಿನದಲ್ಲ, ಮನಿತನದ್ದಲ್ಲ. ನಮ್ಮ ಅಜ್ಜ ಮನಿ ಕಟ್ಟಿದ್ದು ಹಳಿ ಬಾಜೂಕ. ಅವರ ಅಜ್ಜ ಕಟ್ಟಿದ್ದು ಹೊಳಿ ಆಚೆ. ಅಷ್ಟೇ.

ಭಾಗ 7: ನಮ್ಮ ಮನಿ ಈಗ ಹಾಸ್ಟೆಲ್

ಈ ವರ್ಷ ನಮ್ಮವ್ವ ಒಂದು ಮಾತು ತೆಗೆದಳು. ‘ಅಕಿ ಇಲ್ಲೇ ಬಂದು ಇರಲಿ. ಇಬ್ಬರೂ ಕೂಡಿ ಹೋಗ್ರಿ, ಕೂಡಿ ಬರ್ರಿ.’

ಎಷ್ಟು ಸಾದಾ ಮಾತು. ಆದ್ರ ನಮ್ಮೂರಿನಾಗ ಇದು ಹೊಸದಲ್ಲ ಅಂತ ಆಮ್ಯಾಲೆ ತಿಳೀತು. ಓಣಿಯಾಗ ಕೇಳಿದ್ರ ಎಷ್ಟೋ ಮನ್ಯಾಗ ಅಕ್ಕನ ಮಗ, ಅತ್ತಿ ಮಗಳು, ಅಳಿಯನ ತಮ್ಮ ಅಂತ ಯಾರರ ಒಬ್ಬರು ಇದ್ದು ಓದ್ಯಾರ, ಇಲ್ಲಾ ಕಲಬುರಗಿಗೆ ಕೆಲಸಕ್ಕ ಹೋಗ್ಯಾರ. ಕೆಲವರು ಆಳಂದ ಕಡೆಯವರು, ಕೆಲವರು ಹೊಳಿ ದಂಡಿಯವರು. ಸ್ಟೇಷನ್ ಇರೋ ಊರಿನಾಗ ಒಂದು ನೆಂಟಸ್ತನ ಇದ್ರ ಅದು ಆಸ್ತಿ ಇದ್ದಂಗ.

ಆವಾಗ ನನಗ ಅನಿಸಿದ್ದು ಇದು. ಉಪನಗರ ಅಂದ್ರ ನಾವು ದೊಡ್ಡ ಅಪಾರ್ಟ್‌ಮೆಂಟ್, ಲೇಔಟ್, ಮಾಲ್ ಅಂತ ತಿಳ್ಕೋತೀವಿ. ನಮ್ಮೂರಿನಾಗ ಅದ್ಯಾವುದೂ ಇಲ್ಲ. ಮುಂಜಾನೆ ಎಮ್ಮಿ ಹಾಲು ಕರೀತಾರ, ತೊಗರಿ ಹೊಲ ಸ್ಟೇಷನ್ ತನಕ ಬಂದದ. ಆದ್ರೂ ಬೆಳಗಿನ ಗಾಡಿಗೆ ನಿಂತವರನ್ನ ನೋಡ್ರಿ. ಕಾಲೇಜಿನವರು, ಆಸ್ಪತ್ರೆ ನರ್ಸ್, ಬಟ್ಟಿ ಅಂಗಡಿಯಾಗ ಕೆಲಸ ಮಾಡೋರು, ಗೌಂಡಿಗಳು, ಕಾಯಿಪಲ್ಯದವರು. ಇವರೆಲ್ಲ ರಾತ್ರಿ ನಮ್ಮೂರವರು, ಹಗಲು ಕಲಬುರಗಿಯವರು. ಕಾಗದದ ಮ್ಯಾಲೆ ನಾವು ಹಳ್ಳಿ. ಪಾಸಿನ ಮ್ಯಾಲೆ ನಾವು ಉಪನಗರ.

ಡೆನ್ಮಾರ್ಕಿನವರು ಬೆರಳು ಮೊದಲು ಗೆರಿ ಹಾಕಿ ಆಮ್ಯಾಲೆ ಮನಿ ಕಟ್ಟಿದ್ರು. ನಮ್ಮಲ್ಲಿ ಮಂದಿ ತಾವೇ ಬೆರಳು ಮಾಡ್ಕೊಂಡಾರ, ನೆಂಟರ ಮನಿ ಹಿಡ್ಕೊಂಡು.

ಹೊಸ ಸುದ್ದಿನೂ ಅದ, ಇಲ್ಲಂತ ಅಲ್ಲ. 2017ರ ಅಕ್ಟೋಬರ್‌ನಾಗ ಬೀದರ–ಕಲಬುರಗಿ ಹಳಿ ಪೂರ್ತಿ ಸುರು ಆಯ್ತು. ಕಮಲಾಪುರದ ಮಂದಿಗೆ ಮೊದಲ ಸಲ ರೈಲು ಸಿಕ್ತು. 2024ರ ಮಾರ್ಚ್‌ನಾಗ ಕಲಬುರಗಿಯಿಂದ ಬೆಂಗಳೂರಿಗೆ ವಂದೇ ಭಾರತ್ ಬಂತು. ಸ್ಟೇಟಸ್‌ನಾಗ ಎಲ್ಲಾರೂ ಫೋಟೋ ಹಾಕಿದ್ರಿ, ನಾನೂ ನೋಡಿ ಖುಷಿ ಪಟ್ಟೆ. ಆದ್ರ ಅದು ಊರು ಬಿಟ್ಟು ಹೋಗೋರ ಗಾಡಿ. ಊರು ಬಿಡದೇ ಓದೋರಿಗೆ, ದುಡಿಯೋರಿಗೆ ಬೇಕಾದದ್ದು ಅರ್ಧ ತಾಸಿನ ದಾರಿಯ ಸಾದಾ ಪ್ಯಾಸೆಂಜರ್. ಅದಕ್ಕ ಯಾರೂ ಹಸಿರು ನಿಶಾನಿ ಹಿಡಿದು ಫೋಟೋ ತೆಗಸ್ಕೊಳ್ಳೂದಿಲ್ಲ.

‘ಬೆಂಗಳೂರಿಗೆ ಹೋಗಿ ಸೆಟ್ಲ್ ಆಗು’ ಅಂತ ಹೇಳೋರು ಭಾಳ ಮಂದಿ ಅದಾರ. ಹೋಗೋರು ಹೋಗಲಿ, ತಪ್ಪಿಲ್ಲ. ಆದ್ರ ಹೋಗೋದು ನಮ್ಮ ಇಚ್ಛಾ ಆಗಿರಬೇಕು. ಸಂಜಿಗೆ ಒಂದು ಗಾಡಿ ಇಲ್ಲ ಅನ್ನೋ ಕಾರಣಕ್ಕ ಊರು ಬಿಡೋದು, ಇಲ್ಲಾ ಓದು ಬಿಡೋದು, ಎರಡೂ ಇಚ್ಛಾ ಅಲ್ಲ.

ಭಾಗ 8: ನಿಮಗೊಂದು ಕೆಲಸ

ತಂಗಿ ಹೋದ ವಾರ ಬಟ್ಟಿ ಗಂಟು, ಒಂದು ಕ್ಯಾಲ್ಕುಲೇಟರ್, ದೊಡ್ಡವ್ವ ಕೊಟ್ಟ ಶೇಂಗಾ ಹಿಂಡಿ ಡಬ್ಬಿ ತೊಗೊಂಡು ಬಂದಾಳ. ಅಡ್ಮಿಷನ್ ಆಗ್ಯದ. ದೊಡ್ಡಪ್ಪ ಬಿಟ್ಟು ಹೋಗೋವಾಗ ನಮ್ಮಪ್ಪನಿಗೆ ಒಂದೇ ಮಾತು ಕೇಳಿದ್ರು: ‘ಸಂಜಿ ಗಾಡಿ ಖರೇ ದಿನಾ ನಿಲ್ತದಲ್ಲ?’ ಅಪ್ಪ ‘ನಿಲ್ತದ’ ಅಂದ್ರು. ಒಂದು ಹುಡುಗಿಯ ಡಿಗ್ರಿ ಆ ಒಂದು ಶಬ್ದದ ಮ್ಯಾಲೆ ನಿಂತದ.

ಇನ್ನ ನಿಮ್ಮ ಪಾಳಿ. ಲೈಕ್ ಮಾಡಿ ಮುಂದ ಹೋಗಬ್ಯಾಡ್ರಿ, ಎರಡು ಕೆಲಸ ಮಾಡ್ರಿ.

ಒಂದು: ಮನ್ಯಾಗ ಅಜ್ಜ, ಅಜ್ಜಿ ಇದ್ರ ಕೇಳ್ರಿ. ಅವರು ಮೊದಲ ಸಲ ರೈಲು ಹತ್ತಿದ್ದು ಯಾವ ಸ್ಟೇಷನ್‌ನಾಗ? ಆ ಸ್ಟೇಷನ್ ತನಕ ಹೆಂಗ ಹೋಗಿದ್ರು, ಬಂಡಿಯಾಗೋ, ನಡಕೊಂಡೋ? ಬರದು ಇಡ್ರಿ. ನಮ್ಮ ತಾಲೂಕುಗಳ ರೈಲಿನ ಇತಿಹಾಸ ಪುಸ್ತಕಕ್ಕಿಂತ ಜಾಸ್ತಿ ಇವರ ಬಾಯಾಗ ಅದ.

ಎರಡು: ನಿಮ್ಮ ಊರ ಹೆಸರು ಬ್ಯಾಡ ಅನಿಸಿದ್ರ ಹಾಕಬ್ಯಾಡ್ರಿ, ತಾಲೂಕು ಹಾಕ್ರಿ. ಆಳಂದ, ಅಫಜಲಪುರ, ಇಲ್ಲಾ ಜೇವರ್ಗಿ. ಅದರ ಮುಂದ ನಿಮ್ಮ ಊರಿಗೆ ಸಂಜಿ ಕೊನೆ ಬಸ್ಸು ಇಲ್ಲಾ ಗಾಡಿ ಎಷ್ಟಕ್ಕ ಅಂತ ಬರೀರಿ. ಅದು ತಪ್ಪಿದ ದಿನ ಏನು ಮಾಡ್ತೀರಿ ಅಂತನೂ ಬರೀರಿ.

ನಾನು ಮತ್ತ ತಂಗಿ ಕೂತು ಎಲ್ಲಾ ಒಂದು ಎಕ್ಸೆಲ್ ಶೀಟಿನಾಗ ಹಾಕ್ತೀವಿ. ಇದರಿಂದ ನಾಳೆನೇ ಗಾಡಿ ಬರ್ತದ ಅಂತ ನಾನು ಹೇಳೂದಿಲ್ಲ. ಆದ್ರ ಅರ್ಜಿ ಬರೀಬೇಕಂದ್ರ ಕೈಯಾಗ ಅಂಕಿ ಇರಬೇಕು. 150 ವರ್ಷದ ಹಿಂದ ಹಳಿ ಎಲ್ಲಿ ಹಾಕಬೇಕಂತ ನಮ್ಮನ್ನ ಯಾರೂ ಕೇಳಲಿಲ್ಲ. ಗಾಡಿ ಎಷ್ಟಕ್ಕ ನಿಲ್ಲಬೇಕಂತ ಈಗ ನಾವಾಗೇ ಹೇಳೋಣ.

ಸುರು ನಾನೇ ಮಾಡ್ತೀನಿ. ತಂಗಿ ಹಳ್ಳಿ, ಜೇವರ್ಗಿ ತಾಲೂಕು: ಕೊನೆ ಬಸ್ ಸಂಜಿ ಐದೂವರಿ.

#ಸ್ಟೇಷನ್‌ಗಾಣಗಾಪುರ #ಆಳಂದ #ಅಫಜಲಪುರ #ಜೇವರ್ಗಿ #ಕಲಬುರಗಿ #ಕೊನೆಬಸ್‌ಎಷ್ಟಕ್ಕ